ಉಳಿ ಮಸೆಯುವುದೂ ಪಾಠವೇ? ಗುರುವಿನ ಬಳಿ ಮರಗೆಲಸ ಕಲಿಯುವವರ ಪ್ರಶ್ನೆಗಳು

ಈ ಸಲ ಆರಿಸಿಕೊಂಡ ಪ್ರಶ್ನೆಗಳೆಲ್ಲ ಕೈ ಉಪಕರಣಗಳಿಂದ ಮರಗೆಲಸ ಕಲಿಯುತ್ತಿರುವವರದು. ಉತ್ತರಿಸಿದವರು ಬೆಂಚಿನ ಮುಂದೆ ನಿಂತು ಕಲಿಸುವವರು. ಕುಂಬಾರಿಕೆ, ಹೊಲಿಗೆ ಕಲಿಯುವ ಓದುಗರೂ ಬರೆದಿದ್ದಾರೆ. ಉಪಕರಣ ಬೇರೆಯಾದರೂ ಗುರುವಿನ ಎದುರು ನಿಂತಾಗಿನ ತೊಡಕುಗಳು ಹೆಚ್ಚುಕಡಿಮೆ ಒಂದೇ ಥರ, ಹಾಗಾಗಿ ಅವರೂ ಓದಬಹುದು.

ಪ್ರಶ್ನೆ: ಮೇಸ್ತ್ರಿಯೊಬ್ಬರ ಬಳಿ ಸೇರಿ ಏಳು ವಾರವಾಯಿತು. ಉಳಿ ಮಸೆಯುವುದು ಬಿಟ್ಟು ಬೇರೇನೂ ಕೊಟ್ಟಿಲ್ಲ. ಮಸೆದು ಕೊಟ್ಟರೆ ಬೆಳಕಿಗೆ ಹಿಡಿದು ನೋಡುತ್ತಾರೆ, 'ಇನ್ನೊಂದ್ಸಲ' ಅನ್ನುತ್ತಾರೆ. ನನ್ನನ್ನು ಪರೀಕ್ಷಿಸುತ್ತಿದ್ದಾರೋ, ಸತಾಯಿಸುತ್ತಿದ್ದಾರೋ ತಿಳಿಯುತ್ತಿಲ್ಲ.

ಅವರು ಬೆಳಕಿಗೆ ಹಿಡಿದು ಏನು ನೋಡುತ್ತಾರೆಂದು ಗೊತ್ತಾದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಹರಿತವಾದ ಬಾಯಿಗೆ ಕಣ್ಣಿಗೆ ಕಾಣುವಷ್ಟು ಅಗಲ ಇರುವುದಿಲ್ಲ, ಬೆಳಕು ಅದರ ಮೇಲೆ ನಿಲ್ಲುವುದಿಲ್ಲ. ಮೊಂಡು ಬಾಯಿ ಸಣ್ಣಗೆ ದುಂಡಗಾಗಿರುತ್ತದೆ. ದೀಪದ ಕೆಳಗೆ ಉಳಿಯನ್ನು ನಿಧಾನವಾಗಿ ಹೊರಳಿಸಿದರೆ ಆ ದುಂಡು ಬಿಳಿ ಗೆರೆಯಾಗಿ ಮಿನುಗುತ್ತದೆ. ಗೆರೆಯ ಬದಲು ಚುಕ್ಕಿಗಳು ಮಿನುಗಿದರೆ ಅಲ್ಲಲ್ಲಿ ಮುಕ್ಕಾಗಿದೆ. ಒಂದು ಮೂಲೆಯಲ್ಲಿ ಮಾತ್ರ ಮಿನುಗಿದರೆ ನಿಮ್ಮ ಬೆರಳಿನ ಒತ್ತಡ ಇನ್ನೊಂದು ಕಡೆ ವಾಲಿದೆ. ನಾಳೆ ಅವರಿಗೆ ಕೊಡುವ ಮುಂಚೆ ನೀವೇ ಹೀಗೆ ನೋಡಿ. 'ಇನ್ನೊಂದ್ಸಲ' ಅವರ ಬಾಯಿಂದ ಬರುವ ಮೊದಲು ನಿಮ್ಮ ಕಣ್ಣಿಗೇ ಸಿಕ್ಕಬೇಕು.

ಈಗ ಕೆಲಸ. ಉಳಿಯ ಬಾಯಿ ಎಂದರೆ ಎರಡು ಮುಖ ಕೂಡುವ ಗೆರೆ: ಒಂದು ಓರೆಮುಖ, ಇನ್ನೊಂದು ಚಪ್ಪಟೆ ಬೆನ್ನು. ಹೊಸಬರು ಓರೆಯನ್ನೇ ಉಜ್ಜುತ್ತಾ ಕೂರುತ್ತಾರೆ, ಬೆನ್ನು ಹಾಗೇ ಉಳಿಯುತ್ತದೆ. ಬೆನ್ನಿನಲ್ಲಿ ಗೀರು, ತಗ್ಗು ಇದ್ದರೆ ಬಾಯಿಯಲ್ಲೂ ಅದೇ ಗೀರು, ತಗ್ಗು. ಇಡೀ ಬೆನ್ನನ್ನು ಕನ್ನಡಿ ಮಾಡಬೇಕಿಲ್ಲ, ಬಾಯಿಯಿಂದ ಹಿಂದಕ್ಕೆ ಎರಡು ಮೂರು ಸೆಂಟಿಮೀಟರ್ ಸಪಾಟಾದರೆ ಸಾಕು. ಇದು ಒಂದು ಉಳಿಗೆ ಒಮ್ಮೆ ಮಾಡುವ ಕೆಲಸ.

ಓರೆಯ ಕೋನ ಸಾಮಾನ್ಯ ಕೆಲಸಕ್ಕೆ 25 ಡಿಗ್ರಿ, ಅದರ ತುದಿಯಲ್ಲಿ ಕೂದಲೆಳೆಯಷ್ಟು 30 ಡಿಗ್ರಿ. ಕೋನ ಅಳೆಯುವ ಸಾಧನ ಇಲ್ಲದಿದ್ದರೆ ಸ್ಕೇಲ್ ಸಾಕು: ಓರೆಯ ಉದ್ದ ಉಳಿಯ ದಪ್ಪದ ಸರಿಯಾಗಿ ಎರಡು ಪಟ್ಟಿದ್ದರೆ 30 ಡಿಗ್ರಿ, ಸುಮಾರು 2.4 ಪಟ್ಟಿದ್ದರೆ 25. ಅಂದರೆ 4 ಮಿಲಿಮೀಟರ್ ದಪ್ಪದ ಉಳಿಗೆ ಓರೆ ಒಂಬತ್ತೂವರೆ ಮಿಲಿಮೀಟರ್ ಹತ್ತಿರ ಇರಬೇಕು. ಮಸೆಯುವ ಮುಂಚೆ ಓರೆಗೆ ಮಾರ್ಕರ್ ಪೆನ್ನಿನಿಂದ ಮಸಿ ಬಳಿಯಿರಿ, ನಾಲ್ಕು ಸಲ ಉಜ್ಜಿ ನೋಡಿ. ಮಸಿ ಎಲ್ಲಿ ಹೋಗಿದೆಯೋ ಕಲ್ಲು ಅಲ್ಲಿ ತಾಗುತ್ತಿದೆ. ಹಿಂಭಾಗದಲ್ಲಿ ಹೋಗಿ ತುದಿಯಲ್ಲಿ ಉಳಿದಿದ್ದರೆ ಕೈ ತಗ್ಗಿದೆ, ಎಷ್ಟು ಉಜ್ಜಿದರೂ ಬಾಯಿ ಬರುವುದಿಲ್ಲ.

1000 ಗ್ರಿಟ್‌ನ ಕಲ್ಲಿನ ಮೇಲೆ (ಗ್ರಿಟ್ ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು), ಎರಡು ಬೆರಳು ಬಾಯಿಯ ಹತ್ತಿರ ಊರಿ, ಬೆನ್ನ ಕಡೆ ಬೆರಳಿಗೆ ಸಣ್ಣ ತರಿ ತಾಗುವ ತನಕ ಮಸೆಯಿರಿ. ಈ ತರಿ ಮೂಲೆಯಿಂದ ಮೂಲೆಗೆ ಬರಬೇಕು. ಮಧ್ಯದಲ್ಲಿ ಮಾತ್ರ ಬಂದಾಗ 'ಆಯ್ತು' ಎಂದು ನುಣುಪು ಕಲ್ಲಿಗೆ ಹೋಗುವುದೇ ಎಲ್ಲರೂ ಮಾಡುವ ತಪ್ಪು. ಆಮೇಲೆ 4000, ಕೊನೆಗೆ 8000, ಒಂದೊಂದರಲ್ಲೂ ಹತ್ತು ಹದಿನೈದು ಸಲ. ಕೊನೆಯಲ್ಲಿ ಬೆನ್ನನ್ನು 8000ರ ಮೇಲೆ ಪೂರ್ತಿ ಚಪ್ಪಟೆಯಾಗಿ ಇಟ್ಟು ನಾಲ್ಕೈದು ಸಲ ಎಳೆದರೆ ತರಿ ಬಿಡುತ್ತದೆ. ತೋಳನ್ನು ಮುಂದೆ ಹಿಂದೆ ಆಡಿಸಬೇಡಿ. ಮಣಿಕಟ್ಟು, ಮೊಣಕೈ ಬಿಗಿ ಹಿಡಿದು ಸೊಂಟದಿಂದ ತೂಗಿ. ಮಣಿಕಟ್ಟು ಆಡಿದರೆ ಓರೆಗೆ ಹೊಟ್ಟೆ ಬರುತ್ತದೆ. ಕಲ್ಲೂ ಮಧ್ಯದಲ್ಲಿ ಸವೆದು ತಗ್ಗಾಗುತ್ತದೆ, ಅದರ ಮೇಲೆ ಮಸೆದ ಬಾಯಿ ಬಿಲ್ಲಿನಂತೆ ಬಾಗುತ್ತದೆ. ಕಲ್ಲಿನ ಮೇಲೆ ಪೆನ್ಸಿಲ್ಲಿನಿಂದ ಚೌಕುಳಿ ಗೆರೆ ಎಳೆದು, ದಪ್ಪ ಗಾಜಿನ ಮೇಲೆ ಹಾಸಿದ 220ರ ನೀರುಕಾಗದದ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಮೇಲೆ ಗೆರೆಗಳೆಲ್ಲ ಅಳಿಯುವ ತನಕ ಉಜ್ಜಿ.

ಒಂದು ಎಚ್ಚರಿಕೆ. ಬೇಗ ಆಗಲಿ ಎಂದು ತಿರುಗುವ ಒಣ ಸಾಣೆಚಕ್ರಕ್ಕೆ ಹಿಡಿಯಬೇಡಿ. ತುದಿ ನೀಲಿಯಾದರೆ ಉಕ್ಕಿನ ಹದ ಹೋಯಿತು. ಆ ನೀಲಿ ಭಾಗವನ್ನು ಪೂರ್ತಿ ತೆಗೆಯುವ ತನಕ ಆ ಉಳಿ ಹರಿತ ಹಿಡಿದಿಟ್ಟುಕೊಳ್ಳುವುದಿಲ್ಲ.

ಪರೀಕ್ಷೆಗೆ ಕೈಯ ಕೂದಲು ಬೋಳಿಸಿ ನೋಡುವುದು ನಂಬುವಂಥದ್ದಲ್ಲ, ಬಿಡದ ತರಿಯೂ ಕೂದಲು ಕತ್ತರಿಸುತ್ತದೆ. ಪೈನ್‌ನಂಥ ಮೆತ್ತನೆಯ ಮರದ ಅಡ್ಡಎಳೆಯ ತುದಿಯನ್ನು, ಅಂದರೆ ಎಳೆಗಳು ಕೊನೆಯಾಗುವ ಕೊಯ್ದ ಮುಖವನ್ನು, ಕೈಯೊತ್ತಿನಿಂದಲೇ ಸವರಿ. ಮೇಣದಂತೆ ಹೊಳೆದರೆ ಹರಿತ. ಬೆಳ್ಳಗೆ ಪುಡಿಪುಡಿಯಾಗಿ ಕಿತ್ತರೆ ಮತ್ತೆ ಕಲ್ಲಿಗೆ. ಗಟ್ಟಿ ಮರದಲ್ಲಿ ಈ ವ್ಯತ್ಯಾಸ ಅಷ್ಟು ತೋರುವುದಿಲ್ಲ, ಮೆತ್ತನೆಯ ಮರವೇ ಕಠಿಣ ಪರೀಕ್ಷಕ.

ಇನ್ನು ಸತಾಯಿಸುವ ಮಾತು. ದಿನಾ ಮಸೆಯುವವರಿಗೆ ಎರಡು ಮೂರು ವಾರದಲ್ಲಿ ಕೈ ಕುದುರಬೇಕು. ಏಳು ವಾರ ಸ್ವಲ್ಪ ಹೆಚ್ಚೇ. ಆದರೆ 'ಮುಂದಿನ ಪಾಠ ಯಾವಾಗ?' ಎಂದು ಕೇಳಬೇಡಿ. ಉಳಿ ಕೊಟ್ಟು 'ಎಡ ಮೂಲೆಯಲ್ಲಿ ಇನ್ನೂ ಬೆಳಕು ಕಾಣುತ್ತಿದೆ, ನನ್ನ ಬೆರಳು ಎಲ್ಲಿ ತಪ್ಪುತ್ತಿದೆ ಮೇಸ್ತ್ರಿ?' ಎಂದು ಕೇಳಿ. ಮುಕ್ಕನ್ನು ಅವರಿಗಿಂತ ಮೊದಲು ನೀವು ಕಂಡ ದಿನ ಪಾಠ ತಾನಾಗಿ ಮುಂದಕ್ಕೆ ಹೋಗುವುದೇ ಹೆಚ್ಚು.

ಪ್ರಶ್ನೆ: ನಮ್ಮ ಗುರುಗಳು ಮಾತೇ ಆಡುವುದಿಲ್ಲ. 'ನೋಡ್ಕೋ' ಅಂತಾರೆ ಅಷ್ಟೆ. ಮೈಯೆಲ್ಲ ಕಣ್ಣಾಗಿ ನೋಡುತ್ತೇನೆ, ಆದರೆ ನನ್ನ ಕೈಗೆ ಬಂದಾಗ ಏನೂ ನೆನಪಿರುವುದಿಲ್ಲ.

ಮೈಯೆಲ್ಲ ಕಣ್ಣಾಗಿದ್ದೇ ತೊಂದರೆ. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಕೆಲಸ ಚೆಂದವಾಗಿ ಕಾಣುತ್ತದೆ, ಕಲಿಕೆ ಆಗುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ನೋಡಿ. ಗುರುಗಳು ಹತ್ತರಿ (ಹಲಗೆ ಸವರಿ ನುಣುಪು ಮಾಡುವ ಉಪಕರಣ) ಹೊಡೆಯುತ್ತಿದ್ದಾರೆ ಎಂದುಕೊಳ್ಳಿ. ಮೊದಲ ಹಲಗೆಯಲ್ಲಿ ಪಾದಗಳನ್ನು ಮಾತ್ರ ನೋಡಿ: ಎಷ್ಟು ಅಂತರ, ಯಾವ ಪಾದ ಮುಂದೆ, ಹಲಗೆಯ ಕೊನೆ ಮುಟ್ಟುವಾಗ ಹಿಂದಿನ ಹಿಮ್ಮಡಿ ಏಳುತ್ತದೆಯೋ. ಎರಡನೆಯದರಲ್ಲಿ ಎಡಗೈ. ಹೊಡೆತದ ಶುರುವಿಗೆ ಒತ್ತಡ ಹತ್ತರಿಯ ಮುಂಭಾಗದ ಮೇಲಿರುತ್ತದೆ, ಮಧ್ಯದಲ್ಲಿ ಎರಡೂ ಕೈ ಸಮ, ಕೊನೆಯಲ್ಲಿ ಹಿಂಭಾಗಕ್ಕೆ ಬರುತ್ತದೆ, ಮುಂಗೈ ಬರೀ ತೇಲುತ್ತಿರುತ್ತದೆ. ಈ ವರ್ಗಾವಣೆ ತಪ್ಪಿದರೆ ಹಲಗೆಯ ಎರಡು ತುದಿ ಇಳಿದು ಮಧ್ಯ ಉಬ್ಬುತ್ತದೆ. ನಿಮ್ಮ ಹಲಗೆ ಉಬ್ಬುತ್ತಿದ್ದರೆ ತಪ್ಪು ಎಡಗೈಯಲ್ಲಿದೆ. ಅದನ್ನು ಬಿಟ್ಟು ಅಲಗನ್ನು ಹೊಂದಿಸುತ್ತಾ ಕೂತರೆ ಸಂಜೆಯಾಗುತ್ತದೆ.

ಮೂರನೆಯ ಸಲ ಕಣ್ಣು ಮುಚ್ಚಿ. ಹೌದು, ಕೇಳಿ. ಸರಿಯಾಗಿ ಸಿಪ್ಪೆ ಏಳುವಾಗ ರೇಷ್ಮೆ ಬಟ್ಟೆ ಎಳೆದಂತೆ ಒಂದೇ ಸಮನೆ 'ಸರ್ರ್' ಎನ್ನುತ್ತದೆ. ಎಳೆಗೆ ಎದುರಾಗಿ ಹೊಡೆದಾಗ ಸದ್ದು ತುಂಡು ತುಂಡಾಗಿ, ಕರಕರ ಎಂದು ಒಡೆಯುತ್ತದೆ. ಮರ ಕಿತ್ತುಬರುತ್ತಿದೆ ಎಂದು ಕಣ್ಣಿಗೆ ಕಾಣುವ ಮುಂಚೆ ಕಿವಿಗೆ ಗೊತ್ತಾಗುತ್ತದೆ. ಆ ಸದ್ದು ಬಂದ ಕೂಡಲೇ ಕಣ್ಣು ತೆರೆದು ಗುರುಗಳು ಏನು ಮಾಡುತ್ತಾರೆ ನೋಡಿ. ಹಲಗೆಯನ್ನು ತಿರುಗಿಸಿ ಹಾಕುತ್ತಾರೋ, ಅಲಗನ್ನು ಒಳಗೆ ಎಳೆದುಕೊಳ್ಳುತ್ತಾರೋ, ಹತ್ತರಿಯನ್ನು ಓರೆ ಹಿಡಿಯುತ್ತಾರೋ, ಸಾಣೆಕಲ್ಲಿನ ಕಡೆ ನಡೆಯುತ್ತಾರೋ. ನಾಲ್ಕಕ್ಕೂ ಬೇರೆ ಬೇರೆ ಕಾರಣ. ಮಾತಾಡದ ಗುರುವಿನ ಮಾತೆಲ್ಲ ಇಂಥ ನಿಲುಗಡೆಗಳಲ್ಲೇ ಇರುತ್ತದೆ. ಅವರ ಕೈ ಎಲ್ಲಿ ನಿಂತಿತು, ಏನನ್ನು ಮುಟ್ಟಿ ನೋಡಿದರು, ಎರಡನೇ ಸಲ ಏನನ್ನು ಅಳೆದರು: ಇದನ್ನು ನೋಡುವವರು ಕಡಿಮೆ. ಎಲ್ಲರ ಕಣ್ಣೂ ಓಡುವ ಕೈಯ ಮೇಲೆ.

ನೋಡಿದ್ದನ್ನು ಅರ್ಧ ಗಂಟೆಯೊಳಗೆ ಚೂರು ಮರದ ಮೇಲೆ ಮಾಡಿ. ಮಾರನೆಯ ದಿನಕ್ಕೆ ಬಿಟ್ಟರೆ ಆಕಾರ ಉಳಿಯುತ್ತದೆ, ಒತ್ತಡ ಮರೆತುಹೋಗುತ್ತದೆ.

ಪ್ರಶ್ನೆ: ಎಷ್ಟು ಸಲ ಕೇಳಬಹುದು? ಹೆಚ್ಚು ಕೇಳಿದರೆ ರೇಗುತ್ತಾರೆ, ಕೇಳದಿದ್ದರೆ 'ಆಸಕ್ತಿಯಿಲ್ಲ' ಅನ್ನುತ್ತಾರೆ.

ಎಣಿಕೆ ಮುಖ್ಯವಲ್ಲ, ಕೈಯಲ್ಲಿ ಏನು ಹಿಡಿದು ಕೇಳುತ್ತೀರಿ ಎಂಬುದು ಮುಖ್ಯ. 'ಗರಗಸ ನೇರ ಹೋಗುತ್ತಿಲ್ಲ, ಏನು ಮಾಡಲಿ?' ಎಂದರೆ ಯಾರಿಗಾದರೂ ರೇಗುತ್ತದೆ, ಅದಕ್ಕೆ ಹತ್ತು ಉತ್ತರಗಳಿವೆ. ಒಂದೇ ಹಲಗೆಯಲ್ಲಿ ಹತ್ತು ಗೆರೆ ಎಳೆದು ಹತ್ತೂ ಕೊಯ್ದು ತೆಗೆದುಕೊಂಡು ಹೋಗಿ. ಹತ್ತೂ ಒಂದೇ ಕಡೆ ಸರಿದಿದ್ದರೆ ಗರಗಸದ ಹಲ್ಲುಗಳ ಚಾಚು (ಹಲ್ಲುಗಳು ಅಕ್ಕಪಕ್ಕಕ್ಕೆ ಬಾಗಿರುವುದು) ಒಂದು ಬದಿಗೆ ಹೆಚ್ಚಿರಬಹುದು ಅಥವಾ ನಿಮ್ಮ ಮೊಣಕೈ ದೇಹದಿಂದ ಆಚೆ ಹೋಗುತ್ತಿರಬಹುದು. ಐದು ಎಡಕ್ಕೆ ಐದು ಬಲಕ್ಕೆ ಹೋಗಿದ್ದರೆ ಗರಗಸದ ತಪ್ಪಿಲ್ಲ, ಹಿಡಿತ ಬಿಗಿಯಾಗಿದೆ; ತೋರುಬೆರಳು ಅಲಗಿನ ನೇರಕ್ಕೆ ಚಾಚಿ, ಉಳಿದ ಮೂರು ಬೆರಳು ಸಡಿಲ ಬಿಡಿ. ಶುರುವಿನಲ್ಲಿ ನೇರವಿದ್ದು ಆಳದಲ್ಲಿ ವಾಲಿದರೆ ಮಧ್ಯದಲ್ಲಿ ತಿದ್ದಲು ಹೋಗಿ ತಿರುಚಿದ್ದೀರಿ. ಹತ್ತು ಕೊಯ್ತ ನೋಡಿದ ಗುರುವಿಗೆ ಉತ್ತರ ಒಂದೇ ನೋಟಕ್ಕೆ ಸಿಗುತ್ತದೆ, ಬಹಳ ಸಲ ನಿಮಗೂ.

ಇನ್ನೊಂದು, ಅವರು ಅಂಟು ಹಚ್ಚುವಾಗ ಏನನ್ನೂ ಕೇಳಬೇಡಿ. ಅಂಟು ಕಾಯುವುದಿಲ್ಲ.

ಪ್ರಶ್ನೆ: ಗುಳಿ–ನಾಲಿಗೆ ಜೋಡಣೆ (ಒಂದು ಹಲಗೆಯ ಗುಳಿಗೆ ಇನ್ನೊಂದರ ತುದಿಯ ನಾಲಿಗೆ ಕೂರಿಸುವುದು) ಮಾಡಿಕೊಟ್ಟೆ. ಗುರುಗಳು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. 'ಸಂದು ಯಾಕೆ ಬಂತು ಅಂತ ನೀನೇ ಹೇಳು' ಅಂದರು. ಎರಡು ದಿನವಾಯಿತು, ತಲೆ ಓಡುತ್ತಿಲ್ಲ.

ಒಳ್ಳೆಯ ಗುರು. ಸಂದು ಎಲ್ಲಿದೆ, ಯಾವ ಆಕಾರದಲ್ಲಿದೆ ಎಂಬುದರಲ್ಲೇ ಉತ್ತರವಿದೆ. ನಾಲಿಗೆಯ ಬುಡದಲ್ಲಿ ಹಲಗೆ ನಿಲ್ಲುವ ಜಾಗವನ್ನು ಹೆಗಲು ಎನ್ನೋಣ.

ಸಂದು ಎರಡೂ ಮುಖದಲ್ಲಿ ಒಂದೇ ಅಗಲ ಇದ್ದರೆ ನಾಲಿಗೆ ಗುಳಿಯ ತಳ ಮುಟ್ಟಿ ನಿಂತಿದೆ. ಗುಳಿಯ ಆಳ ನಾಲಿಗೆಗಿಂತ 2 ಮಿಲಿಮೀಟರ್‌ನಷ್ಟಾದರೂ ಹೆಚ್ಚಿರಬೇಕು, ಹೆಚ್ಚಿನ ಅಂಟು ಹೋಗಿ ಕೂರಲೂ ಆ ಜಾಗ ಬೇಕು. ತಳದಲ್ಲಿ ಸಿಪ್ಪೆ ಉಳಿದಿದೆಯೋ ನೋಡಿ, ಮುಕ್ಕಾಲು ಪಾಲು ಸಲ ಅದೇ.

ಒಂದೇ ಮುಖದಲ್ಲಿ ಸಂದಿದ್ದರೆ ಎರಡು ಹೆಗಲು ಒಂದೇ ಮಟ್ಟದಲ್ಲಿಲ್ಲ. ಮೂಲೆಮಟ್ಟ (ಲಂಬಕೋನ ನೋಡುವ ಸಾಧನ) ಇಟ್ಟು ಹಲಗೆಯ ನಾಲ್ಕೂ ಮುಖ ಸುತ್ತಿ ಗೆರೆ ಎಳೆದಾಗ ಕೊನೆಯ ಗೆರೆ ಮೊದಲಿನದಕ್ಕೆ ಸೇರಿತ್ತೇ? ಸೇರದಿದ್ದರೆ ಹಲಗೆಯ ಬದಿ ಮುಖಕ್ಕೆ ಲಂಬವಾಗಿಲ್ಲ, ಅಥವಾ ನೀವು ಮೂಲೆಮಟ್ಟವನ್ನು ಪ್ರತಿ ಸಲ ಬೇರೆ ಬದಿಗೆ ಆನಿಸಿದ್ದೀರಿ. ಒಂದು ಮುಖ, ಒಂದು ಬದಿ ಆರಿಸಿ ಗುರುತು ಹಾಕಿ. ಎಲ್ಲ ಅಳತೆಯೂ ಅವೆರಡರಿಂದಲೇ ಆಗಬೇಕು.

ಸಂದು ಒಂದು ಕಡೆ ಸೂಜಿಯಂತೆ ಶುರುವಾಗಿ ಇನ್ನೊಂದು ಕಡೆ ಅಗಲವಾಗಿದ್ದರೆ ಗುಳಿ ವಾಲಿದೆ. ಗುಳಿಯಲ್ಲಿ ಅದಕ್ಕೆ ಸರಿಯಾಗಿ ಕೂರುವ ನೇರ ಕಡ್ಡಿ ನಿಲ್ಲಿಸಿ ಮೂಲೆಮಟ್ಟ ಹಿಡಿದರೆ ವಾಲಿದ್ದು ಎದ್ದು ಕಾಣುತ್ತದೆ. ಉಳಿ ಹೊಡೆಯುವಾಗ ಗುಳಿಯ ಪಕ್ಕಕ್ಕೆ ನಿಂತಿರುತ್ತೀರಿ, ಅಲ್ಲಿಂದ ವಾಲಿದ್ದು ತಿಳಿಯುವುದಿಲ್ಲ. ಗುಳಿಯ ಉದ್ದದ ನೇರಕ್ಕೆ, ಅದರ ತುದಿಯಲ್ಲಿ ನಿಲ್ಲಿ.

ಹೆಗಲಿನ ಅಂಚು ಕೂತಿಲ್ಲ, ಆದರೆ ಗೆರೆ, ಆಳ ಎಲ್ಲ ಸರಿ ಇದೆ ಎಂದರೆ ಹೆಗಲಿನ ಒಳಭಾಗ ನಾಲಿಗೆಯ ಬುಡದ ಹತ್ತಿರ ಉಬ್ಬಿದೆ. ಉಳಿಯಿಂದ ಒಳಗಡೆ ಒಂದೆರಡು ಸಿಪ್ಪೆ ತೆಗೆದರೆ ಅಂಚು ಕೂರುತ್ತದೆ. ಅಂಚನ್ನು ಮಾತ್ರ ಮುಟ್ಟಬೇಡಿ.

ಇದೆಲ್ಲ ಬಾರದಂತೆ ಮಾಡುವ ಕ್ರಮ ಹೀಗೆ. ನಾಲಿಗೆಯ ದಪ್ಪ ಹಲಗೆಯ ಮೂರನೇ ಒಂದು ಪಾಲು. 24 ಮಿಲಿಮೀಟರ್ ಹಲಗೆಗೆ 8 ಮಿಲಿಮೀಟರ್. ಆದರೆ ಸ್ಕೇಲಿನ ಮೇಲಿನ 8ನ್ನು ನಂಬಬೇಡಿ. ಗುಳಿ ತೋಡುವ ಉಳಿಯ ಬಾಯಿಗೇ ಗೇಜಿನ (ಅಂಚಿಗೆ ಸಮನಾಗಿ ಗೆರೆ ಎಳೆಯುವ ಸಾಧನ) ಎರಡು ಮೊಳೆ ಹೊಂದಿಸಿ, ಅದೇ ಹೊಂದಿಕೆಯಲ್ಲಿ ಗುಳಿಗೂ ನಾಲಿಗೆಗೂ ಗೆರೆ ಎಳೆಯಿರಿ. ಹೆಗಲಿನ ಗೆರೆ ಪೆನ್ಸಿಲ್ಲಿನದ್ದಲ್ಲ, ಚಾಕುವಿನದ್ದು. ಪೆನ್ಸಿಲ್ ಗೆರೆಗೆ ಅಗಲ ಇರುತ್ತದೆ, ಅದರ ಯಾವ ಪಕ್ಕ ಕೊಯ್ಯಬೇಕೆಂದು ಕೈಗೆ ಅನುಮಾನ ಬರುತ್ತದೆ. ಚಾಕುವಿನ ಗೀರಿಗೆ ಉಳಿ ತಾನಾಗಿ ಹೋಗಿ ಕೂರುತ್ತದೆ. ಗುಳಿ ತೋಡುವಾಗ ಎರಡು ತುದಿಯಲ್ಲಿ 2–3 ಮಿಲಿಮೀಟರ್ ಬಿಟ್ಟು ಮಧ್ಯದಿಂದ ಶುರು ಮಾಡಿ, ತುದಿಗಳನ್ನು ಕೊನೆಗೆ ಸವರಿ. ಮೊದಲೇ ತುದಿ ಕಡಿದರೆ ಸಿಪ್ಪೆ ಮೀಟುವಾಗ ಉಳಿ ಆ ಅಂಚಿಗೇ ಒರಗಿ ಅದನ್ನು ಜಜ್ಜುತ್ತದೆ.

ನಾಲಿಗೆ ಅರ್ಧದವರೆಗೆ ಕೈಯೊತ್ತಿಗೆ ಹೋಗಿ, ಉಳಿದದ್ದು ಕೊಡತಿಯ ಮೆಲ್ಲನೆಯ ತಟ್ಟಿಗೆ ಕೂತರೆ ಹದ. ಜೋರಾಗಿ ಬಡಿಯಬೇಕಾದರೆ ಹಲಗೆ ಸೀಳುತ್ತದೆ. ಬಿಗಿ ಎಲ್ಲಿದೆಯೆಂದು ಊಹಿಸಿ ಕೆತ್ತಬೇಡಿ. ನಾಲಿಗೆಗೆ ಮೆತ್ತನೆಯ ಪೆನ್ಸಿಲ್ ಬಳಿದು ಒಮ್ಮೆ ತೂರಿಸಿ ತೆಗೆಯಿರಿ. ಹೊಳೆಯುವ ಜಾಗ ಉಜ್ಜುತ್ತಿದೆ, ಅಲ್ಲಿ ಮಾತ್ರ ಒಂದು ಸಿಪ್ಪೆ. ಸಡಿಲವಾದರೆ ಸಾಮಾನ್ಯ ಬಿಳಿ ಅಂಟು ಸಂದು ತುಂಬಿ ಕಾಪಾಡುತ್ತದೆ ಎಂದು ನೆಚ್ಚಿಕೊಳ್ಳಬೇಡಿ, ಅದಕ್ಕೆ ಮರ ಮರಕ್ಕೆ ತಾಗಿರಬೇಕು.

ನಾಳೆ ಹೋದಾಗ ಕಾರಣವನ್ನು ಬಾಯಲ್ಲಿ ಹೇಳುವ ಬದಲು ಅದೇ ತಪ್ಪನ್ನು ಬೇಕೆಂದೇ ಮಾಡಿದ ಚೂರು ಮತ್ತು ಸರಿ ಮಾಡಿದ ಚೂರು, ಎರಡನ್ನೂ ಇಡಿ.

ಪ್ರಶ್ನೆ: ಪರಿಣತರಾಗಲು 10,000 ಗಂಟೆ ಬೇಕು ಅನ್ನುತ್ತಾರಲ್ಲ, ನಿಜವೇ? ನನಗೆ ವಾರಕ್ಕೆ ಆರು ಗಂಟೆ ಮಾತ್ರ ಸಿಗುತ್ತದೆ.

ಆ ಅಂಕಿ ಹುಟ್ಟಿದ್ದು ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ, ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಅಧ್ಯಯನದಿಂದ. ಅತ್ಯುತ್ತಮ ಗುಂಪಿನವರು 20ನೇ ವಯಸ್ಸಿಗೆ ಒಬ್ಬರೇ ಕೂತು ಮಾಡಿದ ಅಭ್ಯಾಸದ ಸರಾಸರಿ ಅದು. ದಾಟಿದ ಕೂಡಲೇ ಪರಿಣತಿ ಸಿಗುವ ಗಡಿ ಎಂದು ಅವರು ಹೇಳಿರಲಿಲ್ಲ. ಪಿಟೀಲಿನ ಲೆಕ್ಕವನ್ನು ಮೇಜು ಕುರ್ಚಿಗೆ ಹಚ್ಚುವುದಂತೂ ದಂಡ. ಅಚ್ಚುಕಟ್ಟಾದ ಪೆಟ್ಟಿಗೆ ಮಾಡಲು ಹತ್ತು ಸಾವಿರ ಗಂಟೆ ಬೇಡ.

ಆರು ಗಂಟೆಯನ್ನು ಹೇಗೆ ಹಂಚುತ್ತೀರಿ ಎಂಬುದನ್ನು ಯೋಚಿಸಿ. ಭಾನುವಾರ ಒಂದೇ ದಿನ ಆರು ಗಂಟೆ ಸುರಿದರೆ ಮೂರನೇ ಗಂಟೆಯ ಹೊತ್ತಿಗೆ ಕೈ ಸೋತು ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ. ಗುರುವಿನ ಬಳಿ ಮೂರು ಗಂಟೆ ಕಳೆದು, ಉಳಿದದ್ದನ್ನು ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಮಾಡಿ. ಆ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಮಸೆಯುವುದು, ಹತ್ತು ನಿಮಿಷ ಗೆರೆಗೆ ಸರಿಯಾಗಿ ಕೊಯ್ಯುವುದು, ಹತ್ತು ನಿಮಿಷ ಅಡ್ಡಎಳೆ ಸವರುವುದು. ಒಂದನ್ನೇ ಅರ್ಧ ಗಂಟೆ ಮಾಡಿದರೆ ಆ ಹೊತ್ತಿಗೆ ಸಲೀಸು ಎನಿಸುತ್ತದೆ, ಆದರೆ ಮೋಸವಿದೆ. ಷಿಯಾ ಮತ್ತು ಮಾರ್ಗನ್ 1979ರಲ್ಲಿ ಮೂರು ಬಗೆಯ ಕೈಚಲನೆಗಳನ್ನು ಕಲಿಸಿ ನೋಡಿದಾಗ, ಒಂದೊಂದನ್ನೇ ಸಾಲಾಗಿ ಮಾಡಿದವರು ಅಭ್ಯಾಸದ ವೇಳೆ ಮುಂದಿದ್ದರು. ಕಲಸಿ ಮಾಡಿದವರು ಆಗ ತಡವರಿಸಿದರು, ಹತ್ತು ದಿನದ ಬಳಿಕ ಪರೀಕ್ಷಿಸಿದಾಗ ಅವರದೇ ಮೇಲುಗೈ. ತೀರಾ ಮೊದಲ ವಾರದಲ್ಲಿ ಮಾತ್ರ, ಚಲನೆಯೇ ತಿಳಿಯದಿರುವಾಗ, ಒಂದೊಂದನ್ನೇ ಮಾಡಿ.

ಪ್ರಶ್ನೆ: ಗುರುಗಳು ಕೈಯಲ್ಲೇ ಕೋನ ಹಿಡಿದು ಮಸೆಯಲು ಹೇಳುತ್ತಾರೆ. ವೀಡಿಯೋಗಳಲ್ಲಿ ಉಳಿಯನ್ನು ಸಿಕ್ಕಿಸುವ ಚಕ್ರದ ಗೈಡ್ ಬಳಸುತ್ತಾರೆ, ಎಷ್ಟು ಸುಲಭ. ಮನೆಯಲ್ಲಿ ಗೈಡ್ ಬಳಸಿದರೆ ತಪ್ಪೇ?

ತಪ್ಪಲ್ಲ, ಗೈಡ್ ಒಳ್ಳೆಯ ಸಾಧನ. ಆದರೆ ಎರಡನ್ನೂ ಒಂದೇ ತಿಂಗಳಲ್ಲಿ ಕಲಸಬೇಡಿ. ಗೈಡ್ ಕೊಟ್ಟ ಸಪಾಟು ಓರೆಯನ್ನು ಮಾರನೇ ದಿನ ಕೈಯಲ್ಲಿ ಮಸೆದರೆ ಕೋನ ಕೂಡುವುದಿಲ್ಲ, ಬಾಯಿಗೆ ತಾಗಲು ಹತ್ತು ನಿಮಿಷ ಹೆಚ್ಚು ಬೇಕು. ತಪ್ಪು ಯಾರದೆಂದು ನಿಮಗೂ ಗುರುವಿಗೂ ತಿಳಿಯದು. ಆರು ತಿಂಗಳು ಅವರ ವಿಧಾನವೊಂದನ್ನೇ ಮಾಡಿ. ಆಮೇಲೆ ಗೈಡ್ ತಂದು ಅವರಿಗೂ ತೋರಿಸಿ. ಹಳೆಯ ಕೈಗಳಿಗೆ ಹೊಸ ಉಪಕರಣದ ಕುತೂಹಲ ನೀವು ಎಣಿಸಿದ್ದಕ್ಕಿಂತ ಹೆಚ್ಚಿರುತ್ತದೆ.

ಪ್ರಶ್ನೆ: ಹೆಬ್ಬೆರಳ ಬುಡದಲ್ಲೂ ಸೊಂಟದಲ್ಲೂ ನೋವು. ಮನಸಿಟ್ಟು ಕಲಿಯುವವನು ಇದನ್ನೆಲ್ಲ ಹೇಳಿಕೊಳ್ಳಬಾರದು ಅನಿಸುತ್ತದೆ.

ಹೇಳಿಕೊಳ್ಳಿ, ನೋವೂ ಒಂದು ಅಳತೆಯೇ. ತೋಳು ಇಳಿಬಿಟ್ಟು ನಿಂತಾಗ ಅಂಗೈ ಎಲ್ಲಿ ಬರುತ್ತದೋ ಹತ್ತರಿ ಹೊಡೆಯುವ ಬೆಂಚು ಆ ಎತ್ತರ ಇರಬೇಕು. ಗುರುವಿಗೆ ಹೊಂದಿದ ಬೆಂಚು ನಿಮಗೆ ಹತ್ತು ಸೆಂಟಿಮೀಟರ್ ತಗ್ಗೋ ಎತ್ತರವೋ ಆಗಬಹುದು. ಸಣ್ಣ ಕೊಯ್ತ, ಗೆರೆ ಹಾಕುವ ಕೆಲಸಕ್ಕೆ ಇನ್ನೂ ಹತ್ತು ಹದಿನೈದು ಸೆಂಟಿಮೀಟರ್ ಎತ್ತರ ಬೇಕು, ಇಲ್ಲದಿದ್ದರೆ ಬಗ್ಗಿ ಬಗ್ಗಿ ಸೊಂಟ ಹೋಗುತ್ತದೆ. ಬೆಂಚಿನ ಮೇಲೆ ದಪ್ಪ ಮಣೆ ಇಟ್ಟರೂ ಆದೀತು. ಹೆಬ್ಬೆರಳ ಬುಡ ನೋಯುವುದು ಬಹುಪಾಲು ಮೊಂಡು ಉಳಿಯನ್ನು ಬಲವಂತವಾಗಿ ತಳ್ಳುವುದರಿಂದ, ಮಸೆದು ನೋಡಿ. ಬೆಳಗ್ಗೆ ಎದ್ದ ಮೇಲೂ ನೋವಿದ್ದರೆ, ಬೆರಳು ಜೋಮು ಹಿಡಿದರೆ ಕೆಲಸ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಒಂದು ವರ್ಷವಾಯಿತು. ಗುಡಿಸುವುದು, ಹೊರುವುದು, ಉಪ್ಪುಕಾಗದ ಉಜ್ಜುವುದು. ಕೇಳಿದರೆ 'ಸೇವೆ ಮಾಡದೆ ವಿದ್ಯೆ ಬರುತ್ತದೆಯೇ' ಅನ್ನುತ್ತಾರೆ. ಸಂಬಳವಿಲ್ಲ. ನನ್ನ ಶ್ರದ್ಧೆಯಲ್ಲೇ ಕೊರತೆಯೇ?

ಇಲ್ಲ. ಗುಡಿಸುವುದರಲ್ಲೂ ಕಲಿಯಲು ಇದೆ: ಯಾವ ಸಿಪ್ಪೆ ಯಾವ ಕೆಲಸದ್ದು, ಯಾವ ಚೂರು ಎಸೆಯಬಾರದು. ಆದರೆ ಅದು ಒಂದು ತಿಂಗಳ ಪಾಠ. ವರ್ಷವಲ್ಲ.

ಹೀಗೆ ಲೆಕ್ಕ ಹಾಕಿ. ಕಳೆದ ಮೂರು ತಿಂಗಳಲ್ಲಿ ಹೊಸದಾಗಿ ಕೈಗೆ ಬಂದ ಕೆಲಸ ಯಾವುದು? ನಿಮ್ಮ ತಪ್ಪನ್ನು ಅವರು ಎಷ್ಟು ಸಲ ಕೈಹಿಡಿದು ತಿದ್ದಿದರು? ಅವರು ಮುಖ್ಯ ಕೆಲಸ ಮಾಡುವಾಗ ನೀವು ನೋಡುವಷ್ಟು ಹತ್ತಿರ ಇರುತ್ತೀರೋ, ಆಚೆ ಕಳಿಸುತ್ತಾರೋ? ಮೂರಕ್ಕೂ ಉತ್ತರ ಬರಿದಾಗಿದ್ದರೆ ಅಲ್ಲಿ ನಡೆಯುತ್ತಿರುವುದು ಬಿಟ್ಟಿ ದುಡಿಮೆ. ಒಂದು ಸಲ ನೇರವಾಗಿ, ವಿನಯದಿಂದಲೇ ಕೇಳಿ: 'ಮುಂದಿನ ತಿಂಗಳು ವಾರಕ್ಕೆ ಎರಡು ಗಂಟೆ ನಾನು ಗುಳಿ ತೋಡುತ್ತೇನೆ, ಚೂರು ಮರದ ಮೇಲೆ, ನೀವು ನೋಡಿ ಹೇಳಿ.' ಗುರುವಾದವರಿಗೆ ಇದು ಭಾರವಲ್ಲ. ಇದಕ್ಕೂ ಒಪ್ಪದಿದ್ದರೆ ನಮಸ್ಕಾರ ಹೇಳಿ ಹೊರಡಿ. ಬೈಗುಳ, ಹೊಡೆತ ಇದ್ದರೆ ಆ ತಿಂಗಳೂ ಕಾಯಬೇಡಿ.

ಪ್ರಶ್ನೆ: ಟಿಪ್ಪಣಿ ಪುಸ್ತಕದಲ್ಲಿ ಏನು ಬರೆದಿಡಬೇಕು?

ಪುಸ್ತಕಗಳಲ್ಲಿ ಸಿಗುವ ಅಳತೆಗಳನ್ನು ಬರೆಯಬೇಡಿ. ದಿನಕ್ಕೆ ಮೂರು ಸಾಲು ಸಾಕು: ಏನು ಕೆಟ್ಟಿತು, ಗುರು ಏನು ಮಾಡಿ ಸರಿಪಡಿಸಿದರು, ನಾಳೆ ಮೊದಲು ಏನು ಮಾಡಬೇಕು. ಕೆಟ್ಟ ಚೂರಿನ ಮೇಲೆ ತಾರೀಕು ಬರೆದು ಒಂದು ಡಬ್ಬಿಯಲ್ಲಿ ಹಾಕಿಡಿ.

ಪ್ರಶ್ನೆ: ನನ್ನ ಗುರುಗಳಿಗೆ ಎಂಬತ್ತರ ಹತ್ತಿರ. ಕೈ ನಡುಗುತ್ತದೆ, ಇನ್ನು ಹೆಚ್ಚು ದಿನ ಕೆಲಸ ಮಾಡಲಾರರು. ಇರುವ ಸಮಯದಲ್ಲಿ ಅವರಿಂದ ಏನನ್ನು ಮೊದಲು ಕಲಿಯಲಿ?

ಕೈಚಳಕವನ್ನು ಬೇರೆಯವರಿಂದಲೂ ಕಲಿಯಬಹುದು. ಅವರ ತೀರ್ಮಾನಗಳನ್ನು ಕೇಳಿಕೊಳ್ಳಿ. ಇಪ್ಪತ್ತು ಹಲಗೆ ಮುಂದಿಟ್ಟು 'ಇದರಲ್ಲಿ ಯಾವುದು ಕಾಲಿಗೆ, ಯಾವುದು ಮೇಲ್ಮೈಗೆ, ಯಾವುದು ಬೇಡವೇ ಬೇಡ?' ಎಂದು ಕೇಳಿ. ಮೊದಲು ನೀವು ಬೇರ್ಪಡಿಸಿ, ಆಮೇಲೆ ಅವರು ಬೇರ್ಪಡಿಸಲಿ. ಎಲ್ಲಿ ಇಬ್ಬರ ಆಯ್ಕೆ ಬೇರೆಯಾಯಿತೋ ಆ ಹಲಗೆಯ ಬಗ್ಗೆ ಮಾತ್ರ 'ಯಾಕೆ?' ಎನ್ನಿ. ಹಲಗೆಯ ತುದಿಯ ಉಂಗುರ ತೋರಿಸಿ, ಇದು ಒಣಗಿದ ಮೇಲೆ ಎತ್ತ ಬಾಗುತ್ತದೆ ಎನ್ನುತ್ತಾರೆ. ಗಂಟಿನ ಸುತ್ತ ಎಳೆ ಹೇಗೆ ತಿರುಗಿದೆ, ಅಲ್ಲಿ ಜೋಡಣೆ ಯಾಕೆ ಬರಕೂಡದು ಎನ್ನುತ್ತಾರೆ. ಇದಕ್ಕೆ ನಡುಗದ ಕೈ ಬೇಕಿಲ್ಲ. ಕೆಲಸದ ಸರದಿಯೂ ಹಾಗೇ: ಒಂದು ಪೆಟ್ಟಿಗೆಯ ಎಲ್ಲ ಭಾಗ ಮುಂದಿಟ್ಟು, ಯಾವುದನ್ನು ಮೊದಲು ಜೋಡಿಸುತ್ತಾರೆ, ಯಾವುದನ್ನು ಕೊನೆಯವರೆಗೂ ದೊಡ್ಡದಾಗಿ ಬಿಟ್ಟಿಡುತ್ತಾರೆ ಎಂದು ಕೇಳಿ.

ಫೋನಿನಲ್ಲಿ ಚಿತ್ರೀಕರಿಸುವುದಾದರೆ ಮುಖ ಬೇಡ, ಕೈಗಳ ಮೇಲಿಡಿ, ಸದ್ದೂ ಬರಲಿ. ಇನ್ನು ಗೋಡೆಗೆ ನೇತುಹಾಕಿದ ಅವರ ಅಚ್ಚುಹಲಗೆಗಳಿರುತ್ತವಲ್ಲ, ಕುರ್ಚಿಯ ಕಾಲಿನ ಬಳುಕು, ಹಿಡಿಕೆಯ ಆಕಾರ. ಯಾವುದು ಯಾತಕ್ಕೆ ಎಂದು ಅವರಿಗೆ ಮಾತ್ರ ಗೊತ್ತು. ಒಂದು ಮಧ್ಯಾಹ್ನ ಎಲ್ಲವನ್ನೂ ಇಳಿಸಿ, ಅವರ ಎದುರೇ ಕೂತು, ಪ್ರತಿಯೊಂದರ ಮೇಲೂ ಪೆನ್ಸಿಲ್ಲಿನಿಂದ ಬರೆದುಕೊಳ್ಳಿ: ಯಾವ ಕೆಲಸಕ್ಕೆ, ಎಷ್ಟು ದಪ್ಪದ ಮರಕ್ಕೆ, ಮೇಲೆ ಯಾವ ಕಡೆ.